ಎಂ.ಆರ್.ಐ. ಕೊಠಡಿಗೆ ಹೋಗುವ ಮುನ್ನ ಅಮ್ಮನನ್ನು ಏನು ಕೇಳಬೇಕು?

ಊರಿನಿಂದ ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ಹೊಟ್ಟೆನೋವು ಬಂದರೆ ಮೊದಲು ಜೀರಿಗೆ ಕಷಾಯ, ಆಮೇಲೆ ಡಾಕ್ಟರು. ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದ ಕಲ್ಲು ಕಾಣುತ್ತದೆ. ಆದರೆ ಕಲ್ಲು ಪಿತ್ತನಾಳಕ್ಕೆ ಜಾರಿದೆಯೇ ಎಂಬುದು ಎಷ್ಟೋ ಸಲ ಸ್ಪಷ್ಟವಾಗುವುದಿಲ್ಲ. ಆಗ ಬರೆಯುವ ಪರೀಕ್ಷೆಯೇ ಎಂ.ಆರ್.ಸಿ.ಪಿ., ಅಂದರೆ ಪಿತ್ತನಾಳಗಳನ್ನು ತೋರಿಸುವ ಎಂ.ಆರ್.ಐ. ಇದರಲ್ಲಿ ಎಕ್ಸ್-ರೇ ಇಲ್ಲ, ನೋವೂ ಇಲ್ಲ. ಆದರೆ ಸಿದ್ಧತೆ ಬೇಕು.

ಮೊದಲನೆಯದು ಉಪವಾಸ. ಸಾಮಾನ್ಯವಾಗಿ 4ರಿಂದ 6 ಗಂಟೆ. ಇದು ನಮ್ಮ ಏಕಾದಶಿಯ ಉಪವಾಸವಲ್ಲ. ಅವಲಕ್ಕಿ, ಬಾಳೆಹಣ್ಣು, ಹಾಲು ಯಾವುದೂ ನಡೆಯದು! ಈ ಚಿತ್ರಗಳಲ್ಲಿ ದ್ರವವೆಲ್ಲ ಬೆಳ್ಳಗೆ ಹೊಳೆಯುತ್ತದೆ. ಹೊಟ್ಟೆಯಲ್ಲಿ ಕಾಫಿ ಇದ್ದರೆ ಅದೂ ಹೊಳೆದು ಪಿತ್ತನಾಳವನ್ನು ಮರೆಮಾಡೀತು. ಊಟ ಮಾಡಿದರೆ ಪಿತ್ತಕೋಶ ಕುಗ್ಗಿಬಿಡುತ್ತದೆ. ಕೆಲವೆಡೆ ಪರೀಕ್ಷೆಗೆ ಮುಂಚೆ ಅವರೇ ಅನಾನಸ್ ರಸ ಕೊಡುತ್ತಾರೆ. ಅದರಲ್ಲಿರುವ ಮ್ಯಾಂಗನೀಸ್ ಜಠರದ ದ್ರವವನ್ನು ಚಿತ್ರದಲ್ಲಿ ಕಪ್ಪಾಗಿಸುತ್ತದೆ. ಅವರು ಹೇಳದೆ ನೀವೇ ಮನೆಯಲ್ಲಿ ಕುಡಿಸಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್, ಮಾತ್ರೆಗಳ ಬಗ್ಗೆ ಹಿಂದಿನ ದಿನವೇ ವೈದ್ಯರನ್ನು ಕೇಳಬೇಕು.

ಎರಡನೆಯದು ಲೋಹ. 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯದಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲಶಾಲಿ. ಸ್ಕ್ಯಾನ್ ನಡೆಯದಿದ್ದಾಗಲೂ ಅದರ ಸೆಳೆತ ಇದ್ದೇ ಇರುತ್ತದೆ. ಅದಕ್ಕೇ ಒಳಗೆ ಬಿಡುವ ಮುನ್ನ ಉದ್ದನೆಯ ಪ್ರಶ್ನೆಪಟ್ಟಿ.

ಇಲ್ಲಿಯೇ ನಮ್ಮವರು ಎಡವುವುದು. "ಏನಾದರೂ ಆಪರೇಷನ್ ಆಗಿದೆಯೇ?" ಎಂದು ಮಗ ಕೇಳಿದಾಗ ನಾನು ಕಂಡ ಒಬ್ಬ ತಾಯಿ "ಇಲ್ಲಪ್ಪ" ಎಂದರು. ನಾನು ಕನ್ನಡದಲ್ಲೇ ಬಿಡಿಸಿ ಕೇಳಿದಾಗ, "ಆಪರೇಷನ್ ಅಲ್ಲ ಡಾಕ್ಟ್ರೇ, ಎದೆಗೆ ಬ್ಯಾಟರಿ ಹಾಕಿದಾರೆ ಅಷ್ಟೆ" ಎಂದರು! ಬ್ಯಾಟರಿ ಎಂದರೆ ಪೇಸ್‌ಮೇಕರ್. ದೂರದಲ್ಲಿರುವ ಮಗನಿಗೆ ಚಿಂತೆಯಾದೀತೆಂದು ಮುಚ್ಚಿಟ್ಟಿದ್ದರು. ಹೊಸ ಪೇಸ್‌ಮೇಕರ್‌ಗಳಲ್ಲಿ ಹಲವಕ್ಕೆ ತಕ್ಕ ಎಚ್ಚರಿಕೆಯೊಂದಿಗೆ ಎಂ.ಆರ್.ಐ. ಮಾಡಬಹುದು. ಆದರೆ ಅದು ಯಾವ ಮಾದರಿ ಎಂದು ಮೊದಲೇ ತಿಳಿದಿರಲೇಬೇಕು.

ಆದ್ದರಿಂದ ಹೀಗೆ ಕೇಳಿ: ಎದೆಯಲ್ಲಿ ಬ್ಯಾಟರಿ ಇದೆಯೇ? ಹೃದಯಕ್ಕೆ ಸ್ಟೆಂಟ್, ಕವಾಟ ಹಾಕಿದ್ದಾರೆಯೇ? ತಲೆಯ ಆಪರೇಷನ್ನಿನಲ್ಲಿ ಕ್ಲಿಪ್ ಇಟ್ಟಿದ್ದಾರೆಯೇ? ಕಿವಿಯೊಳಗೆ ಯಂತ್ರ? ಮೂಳೆಗೆ ರಾಡು? ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಹಾರಿತ್ತೇ? ಸ್ಟೆಂಟ್, ಕೃತಕ ಮಂಡಿ ಇರುವ ಹೆಚ್ಚಿನವರಿಗೆ ತೊಂದರೆಯಿಲ್ಲ, ಆದರೂ ಹೇಳಲೇಬೇಕು. ಮಕ್ಕಳೆದುರು ಹೇಳಲು ಸಂಕೋಚವಾದರೆ ಆಸ್ಪತ್ರೆಯ ದುಭಾಷಿಯನ್ನು ಕೇಳಿಕೊಳ್ಳಿ. ಹೆಚ್ಚಿನ ಕಡೆ ಫೋನಿನಲ್ಲಿ ಕನ್ನಡದವರು ಸಿಗುತ್ತಾರೆ.

ಬಳೆ, ಕಾಲುಂಗುರ, ಉಡಿದಾರದ ತಾಯಿತ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಡಿ. ಬಿಗಿಯಾದ ಬಳೆಗೆ ಹಿಂದಿನ ರಾತ್ರಿಯೇ ಸೋಪು ಹಚ್ಚಿ. ಮಾಂಗಲ್ಯ ತೆಗೆಯಲು ಅಮ್ಮ ಹಿಂಜರಿದರೆ ಗದರಬೇಡಿ. ಅಪ್ಪನ ಕೈಗೇ ಕೊಡಲಿ. ಒಳಗೆ ಅರ್ಧ ಗಂಟೆಯ ಮೇಲಾಗಬಹುದು, ಸದ್ದು ಜೋರು. ಮಧ್ಯೆ ಮಧ್ಯೆ 15-20 ಸೆಕೆಂಡ್ ಉಸಿರು ಬಿಗಿಹಿಡಿಯಬೇಕು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಮುಂದಿನ ಸಲ ಊರಿನಿಂದ ಅವರು ಹೊರಡುವಾಗ ಚಟ್ನಿಪುಡಿ, ಹಪ್ಪಳ ಮರೆತರೂ ಚಿಂತೆಯಿಲ್ಲ. ಸ್ಟೆಂಟ್, ಪೇಸ್‌ಮೇಕರ್‌ಗಳ ಕಾರ್ಡು ಮಾತ್ರ ಪಾಸ್‌ಪೋರ್ಟಿನ ಜೊತೆಗೇ ಇರಲಿ.