ಸಸ್ಯನಾಮ, ವರ್ಗೀಕರಣ ಮತ್ತು ಗ್ರಂಥಾಲಯ: ಜಾನಪದ ಆಕರಗಳ ಶೋಧದ ಸಮಸ್ಯೆ

ಗ್ರಂಥಾಲಯದಲ್ಲಿ ಒಂದು ಸಸ್ಯವನ್ನು ಕುರಿತ ಬರಹವನ್ನು ಹುಡುಕುವುದೆಂದರೆ ಮೊದಲಿಗೆ ಅದರ ಹೆಸರನ್ನು ಹುಡುಕುವುದೇ ಆಗಿದೆ. ಹೊಂಗೆಮರದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 1753ರಲ್ಲಿ ಲಿನೇಯಸ್ ಈ ಮರವನ್ನು ಸಿಟಿಸಸ್ ಪಿನ್ನೇಟಸ್ ಎಂದು ಕರೆದನು. ಮುಂದೆ ಅದು ಪೊಂಗಾಮಿಯ ಗ್ಲಾಬ್ರ, ಪೊಂಗಾಮಿಯ ಪಿನ್ನೇಟ, ಡೆರಿಸ್ ಇಂಡಿಕ, ಮಿಲೆಷಿಯ ಪಿನ್ನೇಟ ಎಂಬ ಹೆಸರುಗಳನ್ನು ಪಡೆಯಿತು. ಹೆಸರಿನ ಮೊದಲ ಪದವು ಕುಲವನ್ನು ಸೂಚಿಸುವುದರಿಂದ, ಸಸ್ಯಗಳ ಸಂಬಂಧವನ್ನು ಕುರಿತ ತಿಳಿವಳಿಕೆ ಬದಲಾದಾಗ ಹೆಸರೂ ಬದಲಾಗಬೇಕಾಗುತ್ತದೆ. ಇದು ಶಾಸ್ತ್ರದ ದೋಷವಲ್ಲ. ಆದರೆ ಆಯಾ ಕಾಲದ ಬರಹಗಳು ಆಯಾ ಕಾಲದ ಹೆಸರಿನಡಿಯಲ್ಲಿಯೇ ಉಳಿದುಬಿಡುತ್ತವೆ. ಒಂದು ಹೆಸರನ್ನಷ್ಟೇ ಬಲ್ಲ ಸಂಶೋಧಕನ ಪಾಲಿಗೆ ಉಳಿದವು ಇಲ್ಲವೆಂದೇ ಲೆಕ್ಕ.

ಇಷ್ಟರ ನಡುವೆಯೂ ಜನರ ನಾಲಗೆಯಲ್ಲಿ ಹೊಂಗೆ ಹೊಂಗೆಯಾಗಿಯೇ ಇದೆ. ಅದಕ್ಕಾದ ಬದಲಾವಣೆಯೆಂದರೆ ಹಳಗನ್ನಡದ ಪಕಾರವು ಹಕಾರವಾದುದು ಮಾತ್ರ. ಪೊಂಗಾಮಿಯ ಎಂಬ ಕುಲನಾಮವೂ ಇದರ ಸೋದರ ಪದದಿಂದಲೇ ಹುಟ್ಟಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಮಲಬಾರಿನ ಜನ ಹೇಳುತ್ತಿದ್ದ ‘ಪೊಂಗಂ’ ಎಂಬ ಹೆಸರು ದಾಖಲಾಗಿದೆ. ಲ್ಯಾಟಿನ್ ವೇಷ ತೊಟ್ಟ ದೇಶೀ ಪದವನ್ನು ‘ವೈಜ್ಞಾನಿಕ’ವೆಂದೂ ಮೂಲಪದವನ್ನು ‘ಸ್ಥಳೀಯ’ವೆಂದೂ ಬೇರ್ಪಡಿಸುವ ಸೂಚೀಕರಣ ಪದ್ಧತಿ ಈ ನಂಟನ್ನು ಕಾಣುವುದಿಲ್ಲ.

ಹಾಗೆಂದು ಜನಬಳಕೆಯ ಹೆಸರೊಂದೇ ಸಾಕೆನ್ನುವುದೂ ಸರಿಯಲ್ಲ. ‘ಬ್ರಾಹ್ಮಿ’ ಎಂಬ ಹೆಸರು ಎರಡು ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ಒಂದು, ತೊಟ್ಟಿಗೊಂದು ದುಂಡನೆಯ ಎಲೆಯುಳ್ಳ ಒಂದೆಲಗ, ಅಂದರೆ ಸೆಂಟೆಲ್ಲ ಏಷಿಯಾಟಿಕ. ತುಳುವರು ತಿಮರೆ ಎನ್ನುವುದು ಇದನ್ನೇ. ಇನ್ನೊಂದು, ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿ, ಅಂದರೆ ಬಕೋಪ ಮೊನ್ನಿಯೆರಿ. ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ನೆನಪಿನ ಶಕ್ತಿಗೆ ಒಳ್ಳೆಯದೆಂಬ ನಂಬಿಕೆ ಮಾತ್ರ ಎರಡಕ್ಕೂ ಇದೆ. ಆದ್ದರಿಂದ ‘ಬ್ರಾಹ್ಮಿ’ ಎಂಬ ವಿಷಯ ಶೀರ್ಷಿಕೆಯಡಿ ಸಂಗ್ರಹವಾದ ಔಷಧಿ ವಿವರಗಳಲ್ಲಿ ಎರಡು ಗಿಡಗಳು ಬೆರೆತುಹೋಗುತ್ತವೆ. ಒಂದೆಲಗ ಎಂಬ ಅಚ್ಚಗನ್ನಡ ಹೆಸರು ಗಿಡದ ಲಕ್ಷಣವನ್ನೇ ಹೇಳುವುದರಿಂದ ಈ ಗೊಂದಲಕ್ಕೆ ಅಷ್ಟಾಗಿ ಎಡೆಗೊಡುವುದಿಲ್ಲ.

ಹೆಸರಿನ ತೊಡಕಿನ ಜೊತೆಗೆ ಸ್ಥಾನದ ತೊಡಕೂ ಇದೆ. 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜ್ಞಾನಶಾಖೆಯೇ ಆಧಾರ. ಹೀಗಾಗಿ ಸಸ್ಯವಾಗಿ ಹೊಂಗೆಯು 580ರಲ್ಲಿಯೂ, ಔಷಧವಾಗಿ 615ರಲ್ಲಿಯೂ, ಜಾನಪದವಾಗಿ 398ರಲ್ಲಿಯೂ ಚದುರಿಹೋಗುತ್ತದೆ. 1933ರಲ್ಲಿ ಪ್ರಕಟವಾದ ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣದಲ್ಲಿಯೂ ಸಸ್ಯಶಾಸ್ತ್ರ, ಕೃಷಿ, ವೈದ್ಯ ಇವು ಪ್ರತ್ಯೇಕ ವರ್ಗಗಳೇ. ಚದುರಿದ್ದನ್ನು ಒಂದೆಡೆ ತರುವ ಹೊಣೆ ಅಕಾರಾದಿ ಸೂಚಿಯದು. ಆ ಸೂಚಿಯೂ ಹೆಸರಿನ ಮೇಲೆಯೇ ನಿಂತಿದೆ.

ಇದರ ಪರಿಣಾಮ ಗ್ರಂಥಾಲಯದ ಗೋಡೆಗಳಾಚೆಗೂ ಚಾಚುತ್ತದೆ. ಗಾಯ ಮಾಯಿಸಲು ಅರಿಶಿನದ ಬಳಕೆಯನ್ನು ಕುರಿತು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿ ಹಳೆಯ ಗ್ರಂಥಾಧಾರಗಳನ್ನು ಮುಂದಿಟ್ಟು ಪ್ರಶ್ನಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಹರಿದ್ರಾ ಎಂಬ ಹೆಸರಿನಡಿ ಇದ್ದ ಜ್ಞಾನ ಇಂಗ್ಲಿಷ್ ಅಥವಾ ಲ್ಯಾಟಿನ್ ಹೆಸರಿನಿಂದ ಹುಡುಕುವವರಿಗೆ ಸುಲಭವಾಗಿ ಸಿಗುವಂತಿರಲಿಲ್ಲ. ಈ ಅನುಭವದ ಹಿನ್ನೆಲೆಯಲ್ಲಿ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯ ಆರಂಭವಾಯಿತು. ಅದು ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ಪದ್ಧತಿಗಳ ಗ್ರಂಥಸ್ಥ ಯೋಗಗಳನ್ನು ಪೇಟೆಂಟ್ ಪರೀಕ್ಷಕರು ಬಲ್ಲ ಭಾಷೆಗಳಿಗೂ ವರ್ಗಗಳಿಗೂ ತಂದಿತು. ಇಲ್ಲಿಯ ಮುಖ್ಯ ಪದ ‘ಗ್ರಂಥಸ್ಥ’ ಎಂಬುದು. ನಾಟಿವೈದ್ಯರ ಬಾಯಿಯಲ್ಲಷ್ಟೇ ಇರುವ ಜ್ಞಾನಕ್ಕೆ ಇಂಥ ರಕ್ಷಣೆ ಸುಲಭವಾಗಿ ಒದಗದು. ಕ್ಷೇತ್ರಕಾರ್ಯದ ದಾಖಲೆಯೇ ಅದಕ್ಕೆ ಗ್ರಂಥ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ದೊರೆತ ಸಸ್ಯನಾಮವನ್ನು ಉಚ್ಚಾರಣೆಗೆ ತಕ್ಕಂತೆ ಬರೆದು, ಊರು, ಸಮುದಾಯ ಮತ್ತು ಕಾಲವನ್ನು ನಮೂದಿಸಿ, ಸಾಧ್ಯವಿದ್ದೆಡೆ ಒಣಗಿಸಿದ ಮಾದರಿಯೊಂದನ್ನು ಸಸ್ಯಸಂಗ್ರಹಾಲಯದಲ್ಲಿರಿಸಿ ಅದರ ಸಂಖ್ಯೆಯನ್ನೂ ಸೇರಿಸುವುದು ಅಗತ್ಯ. ಮಾದರಿ ಇದ್ದರೆ ಶಾಸ್ತ್ರನಾಮ ಎಷ್ಟು ಬಾರಿ ಬದಲಾದರೂ ಸೂಚಿಕಾರನು ಹೊಸ ಹೆಸರನ್ನು ಹಳೆಯದಕ್ಕೆ ಜೋಡಿಸಬಲ್ಲನು. ಊರಿನ ಹೆಸರೂ ಇಲ್ಲದೆ ‘ಬ್ರಾಹ್ಮಿ ಸೊಪ್ಪಿನ ರಸ’ ಎಂದಷ್ಟೇ ಬರೆದಿಟ್ಟ ಪುಟದಲ್ಲಿ, ಆ ಸೊಪ್ಪು ಒಂದೆಲಗವೋ ನೀರುಬ್ರಾಹ್ಮಿಯೋ ಎಂದು ತೀರ್ಮಾನಿಸಲು ಯಾವ ದಾರಿಯೂ ಉಳಿದಿರುವುದಿಲ್ಲ.