ಮೈಕ್ ಸಾಕೆಟ್ಟಿನಲ್ಲಿ ಮಂಕಾಗುವ ಗಿಟಾರ್

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಊರುಗಳಲ್ಲಿ ಗಣೇಶನ ಹಬ್ಬಕ್ಕೋ ಜಾತ್ರೆಗೋ ಆರ್ಕೆಸ್ಟ್ರಾ ನಡೆಯುವುದನ್ನು ನೀವು ನೋಡಿರಬಹುದು. ತಾಳ, ಮೇಳಗಳನ್ನೆಲ್ಲ ಒಂದೇ ಅರೇಂಜರ್ ಕೀಬೋರ್ಡ್ ನುಡಿಸಿಬಿಡುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಅದರ ಕೇಬಲ್ಲನ್ನು ಕೀಬೋರ್ಡಿನ ಮೈಕ್ ಸಾಕೆಟ್ಟಿಗೆ ಸಿಕ್ಕಿಸುವುದುಂಟು. ಪಿನ್ ಸರಿಯಾಗಿ ಕೂರುತ್ತದೆ, ಶಬ್ದವೂ ಬರುತ್ತದೆ. ಆದರೆ ಕಂಬಳಿ ಹೊದ್ದು ಹಾಡಿದಂತೆ! ಗಿಟಾರೇ ಕಳಪೆ ಎಂದುಕೊಂಡು ಹೊಸದಕ್ಕೆ ಹಣ ಹೊಂದಿಸುವ ಮುನ್ನ ಓಮನ ನಿಯಮವನ್ನು ನೆನೆಯುವುದು ಲೇಸು.

ಗಿಟಾರಿನ ಪಿಕಪ್ ಎಂದರೆ ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳುವಾದ ತಾಮ್ರದ ತಂತಿ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತೀಯ ಅಭಿವಾಹ ಬದಲಾಗಿ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಸುತ್ತುಗಳು ಹೆಚ್ಚಿರುವುದರಿಂದ ಸುರುಳಿಯ ರೋಧ ಸುಮಾರು 7 ಕಿಲೋ ಓಮ್, ಪ್ರೇರಕತ್ವ ಸುಮಾರು 3 ಹೆನ್ರಿ. ಹಾಡುಗಾರರ ಡೈನಮಿಕ್ ಮೈಕಿನ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ಒಟ್ಟು ತಡೆ, ಕೆಲವು ನೂರು ಓಮ್ ಮಾತ್ರ. ಆದ್ದರಿಂದ ಮೈಕ್ ಸಾಕೆಟ್ಟಿನ ಒಳತಡೆಯೂ ಕೆಲವೇ ಕಿಲೋ ಓಮ್ ಇದ್ದರೆ ಸಾಕು. ಅದು 5 ಕಿಲೋ ಓಮ್ ಎಂದಿಟ್ಟುಕೊಳ್ಳಿ.

ಈಗ ಲೆಕ್ಕ ಮಾಡೋಣ. ಪ್ರೇರಕತ್ವದ ತಡೆ ಆವೃತ್ತಿಯೊಂದಿಗೆ ಏರುತ್ತದೆ: ಆವೃತ್ತಿಯನ್ನು ಪ್ರೇರಕತ್ವದಿಂದಲೂ 6.28ರಿಂದಲೂ ಗುಣಿಸಬೇಕು. ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್ ಸ್ವರಕ್ಕೆ ಇದು ಒಂದೂವರೆ ಕಿಲೋ ಓಮ್. 3000 ಹರ್ಟ್ಸ್‌ಗೆ ಸುಮಾರು 57 ಕಿಲೋ ಓಮ್! ರೋಧಗಳನ್ನು ಕೂಡಿಸಿ, ಪ್ರೇರಕತ್ವದ ತಡೆಯನ್ನು ಲಂಬಕೋನ ತ್ರಿಭುಜದ ಇನ್ನೊಂದು ಭುಜದಂತೆ ಸೇರಿಸಿದರೆ, ಕೆಳಗಿನ ಸ್ವರದ ವೋಲ್ಟೇಜಿನಲ್ಲಿ ಶೇಕಡಾ 41ರಷ್ಟು ಕೀಬೋರ್ಡಿಗೆ ತಲುಪುತ್ತದೆ, 3000 ಹರ್ಟ್ಸ್‌ನದರಲ್ಲಿ ಶೇಕಡಾ 9 ಮಾತ್ರ. ಹೀಗೆ ಮೂಲಸ್ವರ ಉಳಿದು ಹಾರ್ಮೋನಿಕ್‌ಗಳು ಸೊರಗುತ್ತವೆ. ಗಿಟಾರಿನ ನಾದಕ್ಕೆ ಹೊಳಪು ಕೊಡುವುದೇ ಅವು. ಟ್ರೆಬಲ್ ತಿರುಗಿಸಿದರೆ ಸ್ವಲ್ಪ ಹೊಳಪು ಮರಳೀತು, ಆದರೆ ಅದರ ಜೊತೆಗೆ ಸುಯ್ ಎನ್ನುವ ಗೊಜಲೂ ಏರುತ್ತದೆ.

ಗಿಟಾರ್ ಆಂಪ್ಲಿಫೈಯರಿನ ಒಳತಡೆ ಸಾಮಾನ್ಯವಾಗಿ 10 ಲಕ್ಷ ಓಮ್. ಅದರ ಮುಂದೆ 57 ಸಾವಿರ ಲೆಕ್ಕಕ್ಕೇ ಇಲ್ಲ. ಕೀಬೋರ್ಡಿಗೂ ಇದೇ ಅನುಕೂಲ ಒದಗಿಸಲು ನಡುವೆ ಒಂದು ಬಫರ್ ಇಟ್ಟರಾಯಿತು: ಒಂದು ಎಫ್‌ಇಟಿ, ನಾಲ್ಕಾರು ಬಿಡಿಭಾಗ, 9 ವೋಲ್ಟ್ ಬ್ಯಾಟರಿ. ಅಂಗಡಿಯಲ್ಲಿ ಸಿಗುವ ಡಿಐ ಪೆಟ್ಟಿಗೆಯೂ ಆದೀತು. ಕೆಲವು ಕೀಬೋರ್ಡ್‌ಗಳಲ್ಲಿ ಗಿಟಾರಿಗೆಂದೇ ಸಾಕೆಟ್ ಇರುತ್ತದೆ. ಮೊದಲು ಕೈಪಿಡಿ ನೋಡಿ. ಮೈಕ್ ಕೊಡುವುದು ಕೆಲವು ಮಿಲಿವೋಲ್ಟ್, ಜೋರಾಗಿ ಮೀಟಿದ ಗಿಟಾರ್ ನೂರಾರು ಮಿಲಿವೋಲ್ಟ್. ಬಫರ್ ಹಾಕಿದಾಗ ಗೇನ್ ತಿರುಪನ್ನು ತಗ್ಗಿಸದಿದ್ದರೆ ನಾದ ಒಡೆಯುತ್ತದೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಗಿಟಾರನ್ನು ಅದರದೇ ಆಂಪ್ಲಿಫೈಯರಿಗೆ ಜೋಡಿಸಿ, ಕೇಬಲ್ಲಿನ ಒಳಗಿನ ಎರಡು ವಾಹಕಗಳ ನಡುವೆ 4.7 ಕಿಲೋ ಓಮಿನ ರೋಧಕ ಹಿಡಿಯಿರಿ. ನಾದ ಮಂಕಾಗುತ್ತದೆ, ತೆಗೆದರೆ ತಿಳಿಯಾಗುತ್ತದೆ. ಬಳಿಕ ವೀಣೆಗೆ ಅಂಟಿಸುವ ಪೀಜೊ ಬಿಲ್ಲೆಯಲ್ಲಿ ಇದನ್ನೇ ಮಾಡಿ. ಅದು ಸುರುಳಿಯಲ್ಲ, ಧಾರಕದಂತೆ ವರ್ತಿಸುವ ವಸ್ತು. ಧಾರಕದ ತಡೆ ಆವೃತ್ತಿ ಇಳಿದಂತೆ ಏರುತ್ತದೆ. ಅಲ್ಲಿ ಸೊರಗುವುದು ಮಂದ್ರ ಸ್ವರಗಳು.