ದೂರದ ದಾರಿ, ಸಾಲದ ಉಸಿರು

ಕರಾವಳಿಯ ಹಳ್ಳಿಗಳಲ್ಲಿ ಹಿರಿಯ ಜೀವಗಳಷ್ಟೇ ಉಳಿದಿರುವ ಮನೆಗಳಿಗೆ ಈಗ ಬರವಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ್ದಾರೆ. ಮದುವೆ, ಉಪನಯನ, ತಿಥಿ, ಆಸ್ಪತ್ರೆ ಯಾವುದೇ ಇರಲಿ, ಹಿರಿಯರು ಕಾರು ಹತ್ತಲೇಬೇಕು. ಬೈಂದೂರು ತಾಲ್ಲೂಕಿನ ಉಪ್ಪುಂದದಿಂದ ಮಣಿಪಾಲಕ್ಕೆ ಎಪ್ಪತ್ತು ಕಿ.ಮೀ. ಆಸುಪಾಸು, ಬೆಂಗಳೂರಿಗೆ ನಾನೂರು ಕಿ.ಮೀ.ಗೂ ಹೆಚ್ಚು. ಆರೋಗ್ಯವಂತರಿಗೆ ಈ ಪಯಣ ಬೇಸರ ತರಿಸಬಹುದು, ಅಷ್ಟೆ. ಏದುಸಿರಿನ ತೊಂದರೆ ಉಳ್ಳವರಿಗೆ ಅದೊಂದು ಅಗ್ನಿಪರೀಕ್ಷೆ.

ನನ್ನ ತಾಯಿಗೆ ಈಗ ಎಪ್ಪತ್ತಾರು. ಬೀಡಿಯನ್ನಾಗಲಿ ಸಿಗರೇಟನ್ನಾಗಲಿ ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕುಳಿತವರು. ಮಳೆಗಾಲದಲ್ಲಿ ಹಸಿ ಸೌದೆ, ತೆಂಗಿನ ಮಡಲು, ಕಾಯಿಸಿಪ್ಪೆ ಉರಿಸಿ ಬಚ್ಚಲ ಹಂಡೆಯ ನೀರು ಕಾಯಿಸಿದವರು. ಆ ಹೊಗೆಯ ಲೆಕ್ಕವನ್ನು ಶ್ವಾಸಕೋಶ ಬರೆದಿಟ್ಟುಕೊಂಡಿತ್ತು. ವೈದ್ಯರು ಅದಕ್ಕೆ ಸಿಒಪಿಡಿ ಎಂದು ಹೆಸರಿಟ್ಟರು. ಅಂದರೆ ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ಕಾಯಿಲೆ. ಸಂದೀಪ್ ಸಾಳ್ವಿ ಮತ್ತು ಪೀಟರ್ ಬಾರ್ನ್ಸ್ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಧೂಮಪಾನ ಮಾಡದವರಲ್ಲೂ ಈ ರೋಗ ವ್ಯಾಪಕವಾಗಿದೆ, ಸೌದೆ ಒಲೆಯ ಹೊಗೆ ಅದರ ದೊಡ್ಡ ಕಾರಣ ಎಂಬುದರತ್ತ ಜಗತ್ತಿನ ಗಮನ ಸೆಳೆದರು. ಭಾರತದಲ್ಲಿ 1990ರಲ್ಲಿ 2.81 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ರ ವೇಳೆಗೆ 5.53 ಕೋಟಿಗೆ ಏರಿತ್ತೆಂದು ಅಂದಾಜು. ಹೀಗಾಗಿ ಇದು ನಮ್ಮೊಂದು ಮನೆಯ ಕಥೆಯಲ್ಲ.

ಮನೆಯ ಜಗಲಿಯಲ್ಲಿ ಆರಾಮವಾಗಿರುವ ಜೀವ ಕಾರಿನಲ್ಲಿ ಏಕೆ ಚಡಪಡಿಸುತ್ತದೆ? ಮರವಂತೆ ದಾಟುವ ಮೊದಲೇ ‘ಉಸ್ರ್ ಕಟ್ಟತ್ತ್ ಮಗಾ, ಕಿಟ್ಕಿ ತೆಗಿ’ ಎನ್ನುವ ತಾಯಿಯ ಮಾತು ನನ್ನನ್ನು ಈ ಪ್ರಶ್ನೆಗೆ ಹಚ್ಚಿತು. ವೈದ್ಯರನ್ನು ಕೇಳಿ, ಓದಿ ತಿಳಿದಂತೆ ಇದಕ್ಕೆ ಕಾರಣ ಒಂದಲ್ಲ, ಹಲವು.

ಮೊದಲನೆಯದು ಕೂರುವ ಭಂಗಿ. ತಗ್ಗಾದ ಹಿಂಬದಿ ಆಸನದಲ್ಲಿ ಮಂಡಿ ಮೇಲೆದ್ದು ಹೊಟ್ಟೆ ಮಡಚಿಕೊಂಡರೆ ವಪೆ ಕೆಳಗಿಳಿಯಲು ಜಾಗ ಸಾಲದು. ಉಸಿರಾಟದ ಮುಖ್ಯ ಸ್ನಾಯು ವಪೆಯೇ. ಹೊಟ್ಟೆ ತುಂಬ ಉಂಡು ಹೊರಟರಂತೂ ಕಷ್ಟ ಇಮ್ಮಡಿಯಾಗುತ್ತದೆ. ಆದ್ದರಿಂದ ಮುಂದಿನ ಆಸನ, ನೇರವಾದ ಬೆನ್ನು, ಸಡಿಲ ಉಡುಪು, ಮಿತವಾದ ತಿಂಡಿ ಇವು ಸಣ್ಣ ಸಂಗತಿಗಳೆನಿಸಿದರೂ ಔಷಧದಷ್ಟೇ ಉಪಕಾರಿ.

ಎರಡನೆಯದು ಕಾರಿನೊಳಗಿನ ಗಾಳಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 420 ಭಾಗದಷ್ಟಿದೆ. ನಾಲ್ವರು ಕುಳಿತು, ಗಾಜು ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಎ.ಸಿ.ಯ ಗುಂಡಿ ಒತ್ತಿದರೆ ಅರ್ಧ ಗಂಟೆಯೊಳಗೆ ಅದು ಹಲವು ಪಟ್ಟು ಏರುತ್ತದೆ. ಆಮ್ಲಜನಕ ಹೆಚ್ಚೇನೂ ಇಳಿಯುವುದಿಲ್ಲ. ಆದರೆ ತಲೆಭಾರ, ತೂಕಡಿಕೆ, ಕಟ್ಟಿಹಾಕಿದ ಭಾವ ಬರುತ್ತದೆ. ಮೊದಲೇ ಅಂಜಿರುವ ರೋಗಿಗೆ ಅಷ್ಟು ಸಾಕು. ಧೂಳೆಬ್ಬಿಸುವ ಲಾರಿಯ ಹಿಂದಿರುವಾಗ ಆ ಗುಂಡಿ ಬೇಕು. ದಾರಿ ತೆರವಾದೊಡನೆ ಹೊರಗಿನ ಗಾಳಿಗೆ ಬದಲಿಸಬೇಕು. ನಿಂತ ಕಾರಿನಲ್ಲಿ ಗಾಜು ಮುಚ್ಚಿ, ಎಂಜಿನ್ ಚಾಲೂ ಇಟ್ಟು ನಿದ್ರಿಸುವುದಂತೂ ಯಾರಿಗೂ ಸಲ್ಲದು. ವಾಸನೆಯಿಲ್ಲದ ಇಂಗಾಲದ ಮೊನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ.

ನಮ್ಮ ಕರಾವಳಿಯ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ನಾಲ್ಕು ತಿಂಗಳ ಮಳೆ ಮುಗಿಯುವಾಗ ಪುಸ್ತಕಕ್ಕೆ, ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿದು. ಎ.ಸಿ.ಯ ಫಿಲ್ಟರಿಗೆ ಮಾತ್ರ ಹಿಡಿಯದೆ ಇದ್ದೀತೆ? ಮಳೆಗಾಲ ಕಳೆದೊಡನೆ ಅದನ್ನು ಬದಲಿಸುವುದು ಒಳ್ಳೆಯದು. ಕನ್ನಡಿಗೆ ತೂಗುಬಿಟ್ಟ ಸುಗಂಧದ ಬಿಲ್ಲೆ, ಪ್ರಯಾಣದ ಮುನ್ನ ಹಚ್ಚುವ ಊದುಬತ್ತಿ ಇವೂ ಸೂಕ್ಷ್ಮ ಶ್ವಾಸನಾಳವನ್ನು ಕೆರಳಿಸುತ್ತವೆ. ನಮಸ್ಕಾರಕ್ಕೆ ಹೂವೊಂದು ಸಾಲದೆ?

ಘಾಟಿಯ ಕುರಿತು ಒಂದು ತಪ್ಪು ನಂಬಿಕೆಯಿದೆ. ‘ಎತ್ತರಕ್ಕೆ ಹೋದಂತೆ ಗಾಳಿ ಕಡಿಮೆ, ಅದಕ್ಕೇ ಉಬ್ಬಸ’ ಎಂದು ಹೇಳುವವರುಂಟು. ಆಗುಂಬೆ ಸಮುದ್ರಮಟ್ಟದಿಂದ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 7ರಷ್ಟು ಕಡಿಮೆ. ತೀವ್ರ ರೋಗಿಗಳನ್ನು ಬಿಟ್ಟರೆ ಅದು ಬಾಧಿಸುವುದು ಅಪರೂಪ. ಬಾಧಿಸುವುದು ತಿರುವುಗಳು. ವಾಕರಿಕೆ ಬರುತ್ತದೆ, ಅದರೊಡನೆ ಅಂಜಿಕೆ. ಅಂಜಿದವರು ಬೇಗಬೇಗ ಮೇಲುಸಿರು ಬಿಡುತ್ತಾರೆ. ಕಿರಿದಾದ ನಾಳಗಳಿಂದ ಹಳೆಯ ಗಾಳಿ ಹೊರಹೋಗುವ ಮುನ್ನವೇ ಹೊಸದನ್ನು ಎಳೆದುಕೊಂಡರೆ ಎದೆ ಉಬ್ಬಿಕೊಂಡೇ ಉಳಿಯುತ್ತದೆ. ಗಾಳಿ ಸಾಲದೆಂಬ ಭಾವ ಇನ್ನಷ್ಟು ಬಲವಾಗುತ್ತದೆ. ಇದಕ್ಕೆ ವೈದ್ಯರು ಕಲಿಸುವ ಉಪಾಯ ಸರಳ: ಮೂಗಿನಿಂದ ಉಸಿರೆಳೆದು, ಸೀಟಿ ಹಾಕುವಂತೆ ತುಟಿ ಚೂಪು ಮಾಡಿ, ಎಳೆದುದರ ಇಮ್ಮಡಿ ಹೊತ್ತು ನಿಧಾನವಾಗಿ ಹೊರಬಿಡುವುದು. ಕಾರು ನಿಲ್ಲಿಸಿ, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ ಕುಳಿತರೆ ಎದೆಗೆ ಇನ್ನೂ ಹಗುರ. ಮನೆಯಲ್ಲಿ ದಿನವೂ ಅಭ್ಯಾಸ ಮಾಡಿದವರಿಗೆ ಮಾತ್ರ ಇದು ದಾರಿಯಲ್ಲಿ ನೆನಪಾಗುತ್ತದೆ ಎಂಬುದನ್ನು ತಾಯಿಯನ್ನು ನೋಡಿ ತಿಳಿದೆ.

ಔಷಧದ ವಿಷಯದಲ್ಲಿ ಉದಾಸೀನ ಕೂಡದು. ಇನ್‌ಹೇಲರ್ ಡಿಕ್ಕಿಯ ಸೂಟ್‌ಕೇಸಿನಲ್ಲಿದ್ದರೆ ಇಲ್ಲದಂತೆಯೇ, ಅದು ಕೈಗೆಟಕುವಂತಿರಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗಲೂಬಾರದು, ಏಕೆಂದರೆ ಅದು ಒತ್ತಡ ತುಂಬಿದ ಡಬ್ಬಿ. ಆಕ್ಸಿಜನ್ ಬೇಕಾದವರು ಹೊರಡುವ ಮೊದಲು ಲೆಕ್ಕ ಹಾಕಬೇಕು. ‘ಬಿ’ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಅದು ಹನ್ನೆರಡೂವರೆ ಗಂಟೆ ಬಂದರೆ, 4 ಲೀಟರಿಗೆ ಏರಿಸಿದರೆ ಆರೂಕಾಲು ಗಂಟೆಗೆ ಮುಗಿಯುತ್ತದೆ. ಘಾಟಿಯಲ್ಲಿ ಭೂಕುಸಿತವಾಗಿ ರಸ್ತೆ ಮುಚ್ಚಿದರೆ? ಪ್ರಯಾಣದ ಅವಧಿಗಿಂತ ಅರ್ಧದಷ್ಟಾದರೂ ಹೆಚ್ಚಿಗೆ ಇರಬೇಕು. ಸಿಲಿಂಡರ್ ಉರುಳದಂತೆ ಬಿಗಿಯಬೇಕು. ಕಾರಿನಲ್ಲಿ ಬೆಂಕಿಕಡ್ಡಿ ಗೀರಬಾರದು. ‘ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂಬುದೂ ಸರಿಯಲ್ಲ. ಕೆಲವು ಸಿಒಪಿಡಿ ರೋಗಿಗಳಿಗೆ ಅತಿಯಾದ ಆಮ್ಲಜನಕವೇ ಅಪಾಯ ತರುತ್ತದೆ. ವೈದ್ಯರು ಬರೆದುಕೊಟ್ಟ ಪ್ರಮಾಣವೇ ಪ್ರಮಾಣ.

ಇಷ್ಟೆಲ್ಲ ಮನೆಯವರ ಕೈಯಲ್ಲಿದೆ. ಇಲ್ಲದಿರುವುದು ಒಂದಿದೆ, ಅದನ್ನು ಆಡಲು ನಾಚಿಕೆಪಡುವುದರಿಂದಲೇ ಅದು ಹಾಗೆಯೇ ಉಳಿದಿದೆ. ಹೃದಯ ದುರ್ಬಲವಾಗಿ ಏದುಸಿರು ಬರುವವರಿಗೆ ಮೂತ್ರ ಹೋಗಿಸಿ ದೇಹದ ನೀರಿಳಿಸುವ ಮಾತ್ರೆ ಕೊಡುತ್ತಾರೆ. ಪ್ರಯಾಣದ ದಿನ ಆ ಮಾತ್ರೆಯನ್ನು ನುಂಗದೆ ಹೊರಡುವ ಹಿರಿಯ ಹೆಂಗಸರನ್ನು ನಮ್ಮ ಬಳಗದಲ್ಲೇ ಬಲ್ಲೆ. ಕಾರಣ ರೋಗದ ಅರಿವಿಲ್ಲವೆಂದಲ್ಲ, ದಾರಿಯಲ್ಲಿ ಶೌಚಾಲಯವಿಲ್ಲವೆಂದು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ನಮ್ಮ ಸೋದರತ್ತೆಯೊಬ್ಬರಿಗೆ ಒರಗಿ ಕೂರಲೂ ಆಗದಂತಾದದ್ದು ಹೀಗೆಯೇ. ನೀರನ್ನೂ ಕುಡಿಯದೆ ಕೂರುವವರು ಬೇರೆ. ಇಂಧನ ಬಂಕೊಂದರಲ್ಲಿ ಶೌಚಾಲಯಕ್ಕೆ ಬೀಗ; ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ನಡಿಗೆಗೋಲು ಹಿಡಿದ ತಾಯಿ ಮರಳಿ ಕಾರಿನತ್ತ ನಡೆದರು. 2010ರಲ್ಲಿ ಹದಿನೇಳು ಎಂಬ ಸಂಖ್ಯೆ ಕಳೆದುಕೊಂಡು ಅರವತ್ತಾರು ಎನಿಸಿದ ಹೆದ್ದಾರಿ ಈಗ ಚತುಷ್ಪಥವಾಗಿ ವೇಗ ಕೊಟ್ಟಿದೆ. ಮುದುಕಿಯೊಬ್ಬಳು ಮಾನವಾಗಿ ಇಳಿದು ಹತ್ತುವ ಒಂದು ತಾಣ ಇಪ್ಪತ್ತೈದು ಕಿ.ಮೀ.ಗೊಂದರಂತೆ ಇದ್ದರೆ ಎಷ್ಟೋ ಮಾತ್ರೆಗಳು ಡಬ್ಬಿಯಲ್ಲಿ ಉಳಿಯುತ್ತಿರಲಿಲ್ಲ.

ಇಳಿದು ನಡೆಯುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತು ಪ್ರಯಾಣಿಸಿದರೆ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತು. ವಿಮಾನಕ್ಕಷ್ಟೇ ಅಲ್ಲ, ಕಾರು, ಬಸ್ಸು, ರೈಲಿಗೂ ಇದು ಅನ್ವಯ. ಆರೋಗ್ಯವಂತರಲ್ಲಿ ಈ ಸಂಭವ ತೀರಾ ಕಡಿಮೆಯೆಂಬುದೂ ನಿಜ. ಆದರೆ ಆ ಹೆಪ್ಪು ಶ್ವಾಸಕೋಶಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಒಂದು ಕಾಲಷ್ಟೇ ಬಾತು ನೋಯುವುದು, ಹಠಾತ್ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ಪೂರ್ತಿಯಾಗದಷ್ಟು ದಣಿವು, ಇವುಗಳಲ್ಲಿ ಯಾವುದು ಕಂಡರೂ ‘ಊರು ಮುಟ್ಟಿದ ಮೇಲೆ ನೋಡೋಣ’ ಎನ್ನುವಂತಿಲ್ಲ. ಸಮೀಪದ ಆಸ್ಪತ್ರೆಯೇ ಊರು. ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯೂ, ಹೆದ್ದಾರಿಯ 1033 ಸಂಖ್ಯೆಯೂ ಚಾಲಕನ ಕಣ್ಣೆದುರು ಬರೆದಿರಲಿ. ಏದುಸಿರು ಚಾಲಕನಿಗೇ ಬಂದರೆ ಆತ ಸ್ಟಿಯರಿಂಗ್ ಬಿಡಬೇಕೆಂದು ಬೇರೆ ಹೇಳಬೇಕಿಲ್ಲ.

ಕೊನೆಗೆ, ಪ್ರತಿಯೊಂದು ಪ್ರಯಾಣವೂ ಅಗತ್ಯವೇ ಎಂದು ಕೇಳಿಕೊಳ್ಳಬೇಕು. ಬೈಂದೂರಿನಿಂದ ಬೆಂಗಳೂರಿಗೆ ರಾತ್ರಿ ರೈಲಿದೆ. ಕಾಲು ಚಾಚಬಹುದು, ಶೌಚಾಲಯ ನಾಲ್ಕು ಹೆಜ್ಜೆಯಲ್ಲಿದೆ. ಸ್ಥಿರವಾಗಿರುವ ರೋಗಿಯ ತಪಾಸಣೆಯಲ್ಲಿ ಎಷ್ಟೋ ಭಾಗ ಫೋನಿನಲ್ಲಿ, ವಿಡಿಯೊದಲ್ಲಿ ಮುಗಿಯಬಹುದೆಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿದೆ. ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿಯೇ ನಿಯಮಿತವಾಗಿ ದೊರೆತರೆ, ಉಸಿರು ಸಾಲದವರೇ ಉಸಿರಿಗಾಗಿ ಎಪ್ಪತ್ತು ಕಿ.ಮೀ. ಹೋಗುವ ವಿಪರ್ಯಾಸ ತಪ್ಪುತ್ತದೆ. ಒಲೆಯ ಹೊಗೆಯಲ್ಲಿ ಒಂದು ಪೀಳಿಗೆಯ ಹೆಂಗಸರು ನಮಗೆಲ್ಲ ಅನ್ನ ಬೇಯಿಸಿ ಹಾಕಿದ್ದಾರೆ. ಅವರನ್ನು ಕೂರಿಸಿಕೊಂಡು ಹೋಗುವಾಗ ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿದರೆ ನಾವು ತಲಪುವುದು ಒಂದು ಗಂಟೆ ತಡವಾದೀತು. ತಡವಾಗಲಿ.